ನೀರಿನ ಎರಡು ತುದಿಗಳು

ಹೊಸನಗರದ ಜನರಿಗೆ ನೀರಿನ ವಿಷಯ ಹೇಳಲು ಹೊರಡುವುದು ಮೀನಿಗೆ ಈಜು ಕಲಿಸಿದಂತೆಯೇ ಸರಿ. ನಮ್ಮ ತಾಲ್ಲೂಕಿನ ಹುಲಿಕಲ್ ನಾಡಿನಲ್ಲೇ ಅತಿ ಹೆಚ್ಚು ಮಳೆ ಕಾಣುವ ಸ್ಥಳಗಳಲ್ಲೊಂದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ನಮ್ಮ ನಡುವೆಯೇ ಹರಿದು, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಾಗಿ, ಹೊಸನಗರ ಹಾಗೂ ಸಾಗರ ತಾಲ್ಲೂಕುಗಳ ಎಷ್ಟೋ ಗದ್ದೆ ತೋಟಗಳನ್ನೂ ಊರುಗಳನ್ನೂ ಒಡಲಲ್ಲಿಟ್ಟುಕೊಂಡು ನಿಂತಿದೆ. 2019ರಲ್ಲಿ ಈ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಜಿಲ್ಲೆಯ ಜನರು ಬೀದಿಗಿಳಿದು ಪ್ರತಿಭಟಿಸಿದ್ದನ್ನು ಓದುಗರು ಮರೆತಿರಲಾರರು. ನಮ್ಮ ನೀರು ಎಲ್ಲಿಂದ ಬರುತ್ತದೆ, ಅದನ್ನು ಯಾರು ಒಯ್ಯುತ್ತಾರೆ ಎಂಬ ಪ್ರಶ್ನೆಗಳು ನಮಗೆ ಹೊಸವಲ್ಲ. ಆದರೆ ನಾವು ಬಳಸಿ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ನಾನು ನನ್ನ ಐವತ್ತನಾಲ್ಕನೆಯ ವಯಸ್ಸಿನವರೆಗೂ ಕೇಳಿಕೊಂಡಿರಲಿಲ್ಲ. ಅದನ್ನು ನನ್ನಿಂದ ಕೇಳಿಸಿದ್ದು ಒಂದು ಬಾಡಿಗೆಯ ವಾಹನ.

ಅಮೆರಿಕದ ಡೆನ್ವರ್ ನಗರದ ಬಳಿ ನೆಲೆಸಿರುವ ನನ್ನ ಅಕ್ಕನ ಮಗ 2023ರ ಜೂನ್ ತಿಂಗಳಲ್ಲಿ ಅಕ್ಕನನ್ನೂ ನನ್ನನ್ನೂ ತನ್ನಲ್ಲಿಗೆ ಕರೆಸಿಕೊಂಡಿದ್ದ. ಮಕ್ಕಳ ಶಾಲೆಗೆ ರಜೆ ಬಂದಿತ್ತು. 1872ರಲ್ಲಿ ಸ್ಥಾಪನೆಯಾದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವನ್ನು ನಮಗೆ ತೋರಿಸಬೇಕೆಂದು ಅವನು ಒಂದು ಸಂಚಾರಿ ಮನೆಯನ್ನೇ ಬಾಡಿಗೆಗೆ ಪಡೆದ. ನಮ್ಮಲ್ಲಿ ಸಿನಿಮಾ ನಟರು ಚಿತ್ರೀಕರಣದ ಸ್ಥಳಕ್ಕೆ ತರುವ ಕ್ಯಾರವಾನ್ ಎಂಬುದನ್ನು ಅನೇಕರು ನೋಡಿದ್ದೀರಿ. ನೆರೆಯ ಕೇರಳ ರಾಜ್ಯವು 2021ರಲ್ಲಿ ಇಂಥ ವಾಹನಗಳ ಪ್ರವಾಸಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ನಾವು ಹೋದದ್ದು ಅದೇ ಬಗೆಯ ವಾಹನದಲ್ಲಿ. ಒಳಗೆ ಮಲಗಲು ಹಾಸಿಗೆ, ಅಡುಗೆಗೆ ಒಲೆ, ಪಾತ್ರೆ ತೊಳೆಯಲು ತೊಟ್ಟಿ, ನಮ್ಮ ಹಳ್ಳಿಮನೆಯ ದೇವರ ಗೂಡಿನಷ್ಟೇ ಇಕ್ಕಟ್ಟಾದ ಒಂದು ಸ್ನಾನಗೃಹ, ಅದರಲ್ಲೇ ಕಕ್ಕಸು. ನಾವು ಆರು ಜನ.

ಹೊರಡುವ ಮುನ್ನ ಅಕ್ಕನ ಮಗ ನನ್ನನ್ನು ವಾಹನದ ಸುತ್ತ ಒಮ್ಮೆ ಕರೆದೊಯ್ದು, ಅದರ ಅಡಿಯಲ್ಲಿ ಮೂರು ಟ್ಯಾಂಕುಗಳಿರುವುದನ್ನು ತೋರಿಸಿದ. ಮೊದಲನೆಯದು ಶುದ್ಧ ನೀರಿನದು. ನಮ್ಮ ವಾಹನದಲ್ಲಿ ಅದರ ಅಳತೆ ಸುಮಾರು 150 ಲೀಟರು. ಎರಡನೆಯದು ಬೂದು ನೀರಿನದು; ಕೈ ತೊಳೆದ, ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಅಲ್ಲಿ ಸೇರುತ್ತದೆ. ಮೂರನೆಯದು ಕಪ್ಪು ನೀರಿನದು; ಅದು ಕಕ್ಕಸಿನ ನೀರು. ಒಳಗಿನ ಗೋಡೆಯ ಮೇಲೆ ಸಣ್ಣ ದೀಪಗಳ ಒಂದು ಫಲಕವಿದ್ದು, ಯಾವ ಟ್ಯಾಂಕು ಮೂರನೆಯ ಒಂದು ಭಾಗ ತುಂಬಿದೆ, ಯಾವುದು ಮೂರನೆಯ ಎರಡು ಭಾಗ ತುಂಬಿದೆ ಎಂಬುದನ್ನು ಸೂಚಿಸುತ್ತಿತ್ತು. “ಮಾವ, ಈ ಮೂರು ದೀಪಗಳನ್ನು ನೋಡುತ್ತಾ ಇದ್ದರೆ ಪ್ರಯಾಣ ಸುಖವಾಗಿರುತ್ತದೆ,” ಎಂದ. ಒಂದು ಟ್ಯಾಂಕು ಬರಿದಾದಷ್ಟೂ ಇನ್ನೆರಡು ತುಂಬುತ್ತವೆ ಎಂಬ ಸರಳ ಲೆಕ್ಕ ನನಗೆ ಆಗ ಕೇಳಿಸಿತು, ಮನಸ್ಸಿಗೆ ನಾಟಲಿಲ್ಲ.

ನಾವು ತಂಗಿದ್ದು ಉದ್ಯಾನದೊಳಗಿನ ಮ್ಯಾಡಿಸನ್ ಎಂಬ ಶಿಬಿರದಲ್ಲಿ. ನಮ್ಮ ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರಿ ತುಂಗಭದ್ರೆಯಾಗುವಂತೆ, ಅಲ್ಲಿ ಫೈರ್‌ಹೋಲ್ ಮತ್ತು ಗಿಬ್ಬನ್ ಎಂಬ ಎರಡು ನದಿಗಳು ಸೇರಿ ಮ್ಯಾಡಿಸನ್ ನದಿಯಾಗುತ್ತವೆ. ಆ ಶಿಬಿರದಲ್ಲಿ ವಾಹನಗಳಿಗೆ ನೀರಿನ ಸಂಪರ್ಕವಾಗಲಿ ಕೊಳಚೆಯ ಸಂಪರ್ಕವಾಗಲಿ ಇಲ್ಲ. ತಂದ ನೀರಿನಲ್ಲಿ ಬದುಕಬೇಕು, ಬಳಸಿದ್ದನ್ನು ಹೊತ್ತುಕೊಂಡೇ ಇರಬೇಕು. 150 ಲೀಟರು, ಆರು ಜನ, ಮೂರು ದಿನ ಎಂದರೆ ತಲೆಗೆ ದಿನವೊಂದಕ್ಕೆ ಎಂಟು ಲೀಟರಿಗಿಂತ ಸ್ವಲ್ಪ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ನಲ್ಲಿ ಹಾಕಿಸುತ್ತಿರುವ ಜಲ ಜೀವನ್ ಯೋಜನೆಯು ಒಬ್ಬರಿಗೆ ದಿನಕ್ಕೆ 55 ಲೀಟರು ಎಂದು ಗುರಿಯಿಟ್ಟುಕೊಂಡಿದೆ ಎಂಬುದನ್ನು ನೆನೆದರೆ ಇದು ಎಷ್ಟು ಅಲ್ಪವೆಂದು ತಿಳಿಯುತ್ತದೆ.

ಎರಡನೆಯ ಸಂಜೆ ನಾನು ಸ್ನಾನಕ್ಕೆ ಹೋದೆ. ಹಂಡೆಯ ಬಿಸಿನೀರನ್ನು ತಂಬಿಗೆಯಲ್ಲಿ ಮೊಗೆದು ಮೊಗೆದು ಸುರಿದುಕೊಂಡು ಬೆಳೆದ ಮಲೆನಾಡಿನ ಮೈ ನನ್ನದು. ಹೊರಗೆ ಚಳಿ, ಒಳಗೆ ಬೆಚ್ಚಗಿನ ನೀರು. ನಲ್ಲಿಯನ್ನು ತೆರೆದು ಕಣ್ಣು ಮುಚ್ಚಿ ನಿಂತುಬಿಟ್ಟೆ. ಹತ್ತು ನಿಮಿಷವಾಗಿರಬಹುದು. ಪಾದಗಳಿಗೆ ಏನೋ ತಣ್ಣಗೆ ತಾಗಿದಂತಾಗಿ ಕಣ್ಣು ತೆರೆದರೆ, ನೆಲದ ಕಿಂಡಿಯಿಂದ ನೀರು ಮೇಲಕ್ಕೆ ಉಕ್ಕುತ್ತಿತ್ತು. ಅದರಲ್ಲಿ ಅನ್ನದ ಅಗುಳು, ಸಾರಿನ ಬಣ್ಣ, ಮಕ್ಕಳ ಹಲ್ಲುಜ್ಜಿದ ನೊರೆ. ಬೂದು ನೀರಿನ ಟ್ಯಾಂಕು ತುಂಬಿ, ವಾಹನದ ಅತ್ಯಂತ ತಗ್ಗಿನ ಕಿಂಡಿಯಾದ ಸ್ನಾನದ ಕಿಂಡಿಯಿಂದ ಮರಳಿ ಬಂದಿತ್ತು. ಅದೇ ಹೊತ್ತಿಗೆ ಮೇಲಿನ ನಲ್ಲಿ ಎರಡು ಬಾರಿ ಕೆಮ್ಮಿ ನಿಂತುಹೋಯಿತು. ತಲೆಯಲ್ಲಿ ಸೋಪಿನ ನೊರೆ, ಪಾದದಡಿ ನಿನ್ನೆಯ ಮುಸುರೆ. ಅಂದು ರಾತ್ರಿ ಕೈ ತೊಳೆಯಲು ನೀರಿಲ್ಲದೆ ಮಕ್ಕಳು ಕಾಗದದಲ್ಲಿ ಕೈ ಒರೆಸಿಕೊಂಡರು. ಯಾರೂ ನನ್ನನ್ನು ಒಂದು ಮಾತೂ ಆಡಲಿಲ್ಲ. ಆರು ವರ್ಷದ ಮೊಮ್ಮಗಳು ಮಾತ್ರ, “ಅಜ್ಜ ಎಲ್ಲರ ನೀರನ್ನೂ ಖರ್ಚು ಮಾಡಿದರು,” ಎಂದು ಇದ್ದದ್ದನ್ನು ಇದ್ದಂತೆಯೇ ಹೇಳಿದಳು.

ಮರುದಿನ ಬೆಳಿಗ್ಗೆ ವಾಹನವನ್ನು ಶಿಬಿರದ ಅಂಚಿನಲ್ಲಿದ್ದ ವಿಸರ್ಜನಾ ಸ್ಥಳಕ್ಕೆ ಒಯ್ದೆವು. ಪ್ರಾಯಶ್ಚಿತ್ತವೆಂಬಂತೆ ಆ ಕೆಲಸವನ್ನು ನಾನೇ ಮಾಡುತ್ತೇನೆಂದೆ. ಅಕ್ಕನ ಮಗ ನನ್ನ ಕೈಗೆ ಒಂದು ಜೊತೆ ರಬ್ಬರ್ ಕೈಗವಸು ಕೊಟ್ಟು ಪಕ್ಕದಲ್ಲಿ ನಿಂತು ಕ್ರಮವನ್ನು ಹೇಳಿಕೊಟ್ಟ. ದಪ್ಪ ಕೊಳವೆಯ ಒಂದು ತುದಿಯನ್ನು ವಾಹನಕ್ಕೆ, ಇನ್ನೊಂದನ್ನು ನೆಲದ ಗುಂಡಿಯ ಬಾಯಿಗೆ ಭದ್ರಪಡಿಸಬೇಕು. ಮೊದಲು ಕಪ್ಪು ನೀರಿನ ವಾಲ್ವನ್ನು ಎಳೆಯಬೇಕು. ಹರಿಯುವ ಸದ್ದು ನಿಂತ ಮೇಲೆ ಅದನ್ನು ಮುಚ್ಚಿ ಬೂದು ನೀರಿನದನ್ನು ತೆರೆಯಬೇಕು. ಆಗ ಸೋಪಿನ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಕಪ್ಪು ನೀರಿನ ವಾಲ್ವನ್ನು ಸದಾ ತೆರೆದಿಟ್ಟರೆ ನೀರಷ್ಟೇ ಹರಿದು ಹೋಗಿ ಗಟ್ಟಿಯಾದದ್ದು ಒಳಗೆ ಗುಡ್ಡೆಗಟ್ಟುತ್ತದೆ. ಆದ್ದರಿಂದ ಮೂರನೆಯ ಎರಡು ಭಾಗವಾದರೂ ತುಂಬುವವರೆಗೆ ಕಾದು ಒಮ್ಮೆಲೇ ಬಿಡಬೇಕು. ಖಾಲಿಯಾದ ಮೇಲೆ ಸ್ವಲ್ಪ ನೀರನ್ನೂ ಮಲವನ್ನು ಕರಗಿಸುವ ಔಷಧವನ್ನೂ ಹಾಕಿಡಬೇಕು. ಒಳಗೋಡೆಗೆ ಏನಾದರೂ ಅಂಟಿಕೊಂಡರೆ ದೀಪಗಳು ಸುಳ್ಳು ಹೇಳತೊಡಗುತ್ತವೆ; ಖಾಲಿಯಾದದ್ದನ್ನೂ ತುಂಬಿದೆಯೆಂದು ತೋರಿಸುತ್ತವೆ. ಕುಡಿಯುವ ನೀರಿನ ನಲ್ಲಿ ಅಲ್ಲಿಂದ ದೂರದಲ್ಲಿತ್ತು. ಅದರ ಬಿಳಿಯ ಕೊಳವೆಯೇ ಬೇರೆ, ಅದನ್ನಿಡುವ ಪೆಟ್ಟಿಗೆಯೇ ಬೇರೆ. ಇವೆರಡೂ ಎಂದಿಗೂ ಒಂದನ್ನೊಂದು ಮುಟ್ಟಬಾರದು.

ನಾನು ವಾಲ್ವನ್ನು ಎಳೆದೆ. ಕೊಳವೆ ಹಾವಿನಂತೆ ಒಮ್ಮೆ ಮಿಸುಕಿತು. ವಾಸನೆ ಬಂತು. ನಮ್ಮ ಹಿಂದೆ ಇನ್ನೂ ನಾಲ್ಕಾರು ವಾಹನಗಳು ಸಾಲುಗಟ್ಟಿ ನಿಂತಿದ್ದವು. ಅವುಗಳಲ್ಲಿದ್ದವರು ನೋಡಿದರೆ ಅನುಕೂಲಸ್ಥರೇ. ಒಬ್ಬೊಬ್ಬರೂ ಕೈಗವಸು ತೊಟ್ಟು ತಮ್ಮ ಸರದಿಗಾಗಿ ಕಾಯುತ್ತಿದ್ದರು. “ಇದಕ್ಕೆ ಇಲ್ಲಿ ಕೆಲಸದವರು ಯಾರೂ ಇಲ್ಲವೇ?” ಎಂದು ಕೇಳಿದೆ. “ಇಲ್ಲ ಮಾವ. ಅವರವರದ್ದು ಅವರವರೇ,” ಎಂದ ಅಕ್ಕನ ಮಗ. ಅವನು ಅದನ್ನು ಸಹಜವಾಗಿ ಹೇಳಿದ. ನನಗೆ ಮಾತ್ರ ಕೈಗವಸಿನೊಳಗೆ ಕೈ ಬೆವರಿತು. ಇಪ್ಪತ್ತೈದು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ನೆನಪಾಗಿತ್ತು.

1998ರ ಬೇಸಿಗೆ. ಗುರುಪಟ್ಟವಾಗಿ ವರ್ಷವೊಂದು ಕಳೆದಿತ್ತು. ನಾನು ಸಹಾಯಕ ಗುರುವಾಗಿದ್ದ ಊರಿನಲ್ಲಿ ಗುರುನಿವಾಸದ ಶೌಚಗುಂಡಿ ತುಂಬಿ ನಿಂತಿತು. ಹಬ್ಬ ಹತ್ತಿರವಿತ್ತು, ಅತಿಥಿಗಳು ಬರುವವರಿದ್ದರು. ವ್ಯವಸ್ಥೆ ಮಾಡುವ ಹೊಣೆ ನನ್ನ ಮೇಲೆ ಬಿತ್ತು. ಯಾರೋ ಒಬ್ಬರನ್ನು ಕರೆತಂದರು. ಸುಮಾರು ನನ್ನದೇ ವಯಸ್ಸು. ಅವರು ಅಂಗಿಯನ್ನು ಕಳಚಿ ಬೇಲಿಯ ಮೇಲೆ ಹಾಕಿ, ಕಲ್ಲುಚಪ್ಪಡಿಯನ್ನು ಸರಿಸಿ, ಬಕೆಟ್ಟಿಗೆ ಹಗ್ಗ ಕಟ್ಟಿ, ಆ ಗುಂಡಿಯೊಳಗೆ ಇಳಿದರು. ನಾನು ನನ್ನ ಕೋಣೆಗೆ ಹೋಗಿ ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ, ಭಾನುವಾರದ ಪ್ರಬೋಧನೆಯನ್ನು ಸಿದ್ಧಪಡಿಸುತ್ತಾ ಕುಳಿತೆ. ಸಂಜೆ ಅವರು ಬಾವಿಕಟ್ಟೆಯಿಂದ ದೂರದಲ್ಲಿ ನಿಂತು, “ಸ್ವಾಮಿ, ಸ್ವಲ್ಪ ನೀರು ಹಾಕಿಸಿ,” ಎಂದು ಕೇಳಿದರು. ಅಡುಗೆಯವರು ಮೇಲಿನಿಂದ ಸುರಿದರು. ನಾನು ಕೇಳಿದ್ದಕ್ಕಿಂತ ಐವತ್ತು ರೂಪಾಯಿ ಹೆಚ್ಚೇ ಕೊಟ್ಟು, ಉದಾರಿಯೆಂಬ ಭಾವದಿಂದ ಒಳಗೆ ಬಂದೆ. ಲೆಕ್ಕದ ಪುಸ್ತಕದಲ್ಲಿ “ಗುಂಡಿ ಸ್ವಚ್ಛತೆ” ಎಂದು ಬರೆದೆ. ಅವರ ಹೆಸರನ್ನು ಬರೆಯಲಿಲ್ಲ, ಏಕೆಂದರೆ ಕೇಳಿರಲಿಲ್ಲ.

ಅಂದು ಅವರು ಸಾಯಬಹುದಿತ್ತು ಎಂಬುದು ನನಗೆ ತಿಳಿದಿರಲಿಲ್ಲ. ಮುಚ್ಚಿದ ಗುಂಡಿಯಲ್ಲಿ ಮಲವು ಗಾಳಿಯಿಲ್ಲದೆ ಕೊಳೆಯುವಾಗ ಮೀಥೇನ್ ಹಾಗೂ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲಗಳು ಹುಟ್ಟುತ್ತವೆ. ಎರಡನೆಯದು ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಹೋಯಿತೆಂದು ಮನುಷ್ಯ ನಂಬುವ ಹೊತ್ತಿಗೆ ಪ್ರಜ್ಞೆ ತಪ್ಪುತ್ತದೆ. ಅವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸತ್ತರೆಂಬ ಸುದ್ದಿಗಳ ಹಿಂದೆ ಹೆಚ್ಚಾಗಿ ಇರುವುದು ಇದೇ ಕಾರಣ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾನೂನು, ಸುರಕ್ಷಾ ಸಾಧನಗಳಿಲ್ಲದೆ ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಮನುಷ್ಯರನ್ನು ಇಳಿಸುವುದನ್ನು ಅಪರಾಧವೆಂದು ಸಾರಿತು. 1993ರಿಂದ ಈಚೆಗೆ ಹೀಗೆ ಸತ್ತವರ ಕುಟುಂಬಗಳಿಗೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯವು, 2023ರ ಅಕ್ಟೋಬರಿನಲ್ಲಿ ಆ ಪರಿಹಾರವನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ನಮ್ಮದೇ ರಾಜ್ಯದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರಲ್ಲಿ ಭಂಗಿ ಸಮುದಾಯದವರು ಬೇರೆ ದಾರಿ ಕಾಣದೆ, ತಾವು ಹೊರುತ್ತಿದ್ದ ಮಲವನ್ನೇ ಸಾರ್ವಜನಿಕವಾಗಿ ಮೈಗೆ ಬಳಿದುಕೊಂಡು ಪ್ರತಿಭಟಿಸಿದರು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ನಾನು ವ್ಯಥೆಪಟ್ಟಿದ್ದೆ. ಆದರೆ ಬೇಲಿಯ ಮೇಲಿದ್ದ ಆ ಅಂಗಿ ಆಗಲೂ ನೆನಪಾಗಿರಲಿಲ್ಲ.

ಪವಿತ್ರ ಗ್ರಂಥದಲ್ಲಿ ಈ ವಿಷಯವಿಲ್ಲವೆಂದು ನಾನು ಹೇಳುವಂತಿಲ್ಲ. ಇಸ್ರಯೇಲರು ಗುಡಾರಗಳಲ್ಲಿ ವಾಸಿಸುತ್ತಾ ಅಲೆದವರು; ಅವರ ಮನೆಯೂ ಸಂಚಾರಿ ಮನೆಯೇ. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿ, ಪಾಳೆಯದ ಹೊರಗೆ ಅದಕ್ಕಾಗಿ ಒಂದು ಜಾಗವಿರಬೇಕು, ಪ್ರತಿಯೊಬ್ಬನೂ ತನ್ನ ಆಯುಧಗಳೊಂದಿಗೆ ನೆಲ ಅಗೆಯುವ ಸಾಧನವೊಂದನ್ನು ಇಟ್ಟುಕೊಂಡು, ಅಗೆದು, ಮರಳಿ ಮುಚ್ಚಬೇಕು ಎಂಬ ಕಟ್ಟಳೆಯಿದೆ. ದೇವರು ಆ ಪಾಳೆಯದ ನಡುವೆ ಸಂಚರಿಸುತ್ತಾರೆ ಎಂಬುದೇ ಅದಕ್ಕೆ ಕೊಟ್ಟಿರುವ ಕಾರಣ. ಗುರುಮಠದಲ್ಲಿ ಈ ಭಾಗವನ್ನು ಓದಿದಾಗ ನಾವೆಲ್ಲ ನಕ್ಕಿದ್ದೆವು. ಬೇರೆಯವನ ಕೈಯಲ್ಲಿ ಅಗೆಸು ಎಂದು ಅಲ್ಲಿ ಹೇಳಿಲ್ಲ ಎಂಬುದನ್ನು ಗಮನಿಸಿರಲಿಲ್ಲ.

ಇನ್ನೊಂದು ಸಂಗತಿ. ಹಳೆಯ ದೇವಾಲಯಗಳ ಪೂಜಾಸಾಮಗ್ರಿಯ ಕೋಣೆಯಲ್ಲಿ ಸಕ್ರಾರಿಯಂ ಎಂಬ ಒಂದು ತೊಟ್ಟಿಯಿರುತ್ತದೆ. ಬಲಿಪೂಜೆಯ ಪಾತ್ರೆವಸ್ತ್ರಗಳನ್ನು ಮೊದಲು ತೊಳೆದ ನೀರನ್ನು ಸಾಮಾನ್ಯ ಚರಂಡಿಗೆ ಬಿಡದೆ ಅದರಲ್ಲಿ ಸುರಿಯುತ್ತೇವೆ. ಅದರ ಕೊಳವೆ ನೇರವಾಗಿ ಮಣ್ಣಿಗೆ ಇಳಿಯುತ್ತದೆ. ಬಳಸಿದ ನೀರು ಎಲ್ಲಿ ಹೋಗಿ ಸೇರುತ್ತದೆ ಎಂಬುದನ್ನು ಕೊನೆಯವರೆಗೂ ಹಿಂಬಾಲಿಸಬೇಕೆಂದು ನನಗೆ ಕಲಿಸಿಯೇ ಇದ್ದರು. ನಾನು ಆ ಎಚ್ಚರವನ್ನು ಒಂದು ಕೋಣೆಯೊಳಗೇ ಬಿಟ್ಟು ಬಂದಿದ್ದೆ. ಪವಿತ್ರ ಗುರುವಾರದಂದು ಪ್ರತಿ ವರ್ಷವೂ ಹನ್ನೆರಡು ಮಂದಿಯ ಪಾದ ತೊಳೆಯುತ್ತೇನೆ. ಆ ಪಾದಗಳು ಮನೆಯಲ್ಲೇ ಚೆನ್ನಾಗಿ ತೊಳೆದುಕೊಂಡು ಬಂದಿರುತ್ತವೆ. ಮೈಯೆಲ್ಲ ಹೇಸಿಗೆಯಾಗಿ ನೀರು ಕೇಳಿದ ಒಬ್ಬನೇ ಒಬ್ಬ ಮನುಷ್ಯನಿಗೆ ಅಂದು ನಾನು ನೀರು ಹಾಕಲಿಲ್ಲ.

ಊರಿಗೆ ಮರಳಿದ ಮೇಲೆ, ಮೊದಲ ಮಳೆ ಬಿಡುವು ಕೊಟ್ಟ ದಿನ, ಈಗ ನಾನಿರುವ ಗುರುನಿವಾಸದ ಸುತ್ತ ಒಮ್ಮೆ ನಡೆದೆ. ಕಕ್ಕಸು, ಸ್ನಾನ, ಅಡುಗೆ ಮೂರರ ನೀರೂ ತಳವಿಲ್ಲದ ಒಂದೇ ಗುಂಡಿಗೆ ಹೋಗುತ್ತಿತ್ತು. ಅದರ ಮುಚ್ಚಳ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ದಾಸವಾಳದ ಪೊದೆಯ ಕೆಳಗೆ ಸಿಕ್ಕಿತು. ಅಲ್ಲಿಂದ ನಮ್ಮ ಬಾವಿಗೆ ಇಪ್ಪತ್ತೇ ಹೆಜ್ಜೆ. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಬಾವಿಗಳಲ್ಲಿ ನೀರು ಕೈಗೆಟುಕುವಷ್ಟು ಮೇಲೇರುವುದು ನಮಗೆ ಹೆಮ್ಮೆ. ಅದೇ ನೀರು ಅಂಥ ಗುಂಡಿಯೊಳಗೂ ಏರುತ್ತದೆ, ಇಳಿಯುವಾಗ ಅಲ್ಲಿದ್ದುದನ್ನು ಹೊತ್ತುಕೊಂಡು ಇಳಿಯುತ್ತದೆ. ಆ ಸಂಚಾರಿ ಮನೆಯಲ್ಲಿ ಎರಡು ಕೊಳವೆಗಳು ಒಂದೇ ಪೆಟ್ಟಿಗೆಯಲ್ಲಿ ಇರಬಾರದೆಂದು ಕಲಿತು ಬಂದವನು, ಇಲ್ಲಿ ಒಂದೇ ನೆಲದಲ್ಲಿ ಎರಡನ್ನೂ ಇಟ್ಟುಕೊಂಡಿದ್ದೆ.

ನಮ್ಮ ಹಿರಿಯರು ಒಂದು ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು. ಬಚ್ಚಲ ನೀರು ಬಾಳೆಗೆ, ಕೆಸುವಿಗೆ, ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತಿತ್ತು. ಬೂದು ನೀರು ಬೇರೆ, ಕಪ್ಪು ನೀರು ಬೇರೆ ಎಂಬ ಪದಗಳಿಲ್ಲದೆಯೂ ಆ ವಿವೇಕವಿತ್ತು. ಮನೆಯೊಳಗೇ ಕಕ್ಕಸು ಬಂದಾಗ ಆರೋಗ್ಯಕ್ಕೂ ಹೆಣ್ಣುಮಕ್ಕಳ ಮಾನಕ್ಕೂ ಒಳಿತಾಯಿತು, ನಿಜ; ಆದರೆ ಎಲ್ಲ ನೀರನ್ನೂ ಒಂದೇ ಗುಂಡಿಗೆ ತಿರುಗಿಸಿದೆವು. ಗುಂಡಿ ಬೇಗ ತುಂಬಿತು. ಮೇಲಿಂದ ಸುರಿದ ಫಿನಾಯಿಲು, ಆಸಿಡ್ಡುಗಳಿಂದ ಮಲವನ್ನು ಕರಗಿಸಬೇಕಾದ ಸೂಕ್ಷ್ಮಜೀವಿಗಳೇ ಸತ್ತವು.

ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಮುಂದೆ ವಿಷಯವಿಟ್ಟಾಗ ಮೊದಲು ಮೌನ, ಆಮೇಲೆ ನಗು, ಆಮೇಲೆ ಒಳ್ಳೆಯ ಚರ್ಚೆ. ಹಳೆಯ ಗುಂಡಿಯನ್ನು ಖಾಲಿ ಮಾಡಲು ಹೀರುವ ಯಂತ್ರದ ವಾಹನವನ್ನು ಕರೆಸಿದೆವು. ಯಾರೂ ಇಳಿಯಬಾರದು, ಬಗ್ಗಿ ನೋಡಲೂ ಬಾರದು ಎಂದು ನಾನೇ ನಿಂತು ನೋಡಿಕೊಂಡೆ. ಇದನ್ನು ಎಲ್ಲಿ ಸುರಿಯುತ್ತೀರಿ ಎಂದು ಚಾಲಕನನ್ನು ಕೇಳಿದೆ. “ದೂರದಲ್ಲಿ ಜಾಗ ಇದೆ ಫಾದರ್,” ಎಂದ. ಆ ದೂರದ ಜಾಗದ ಕೆಳಗೆ ಯಾವ ಹಳ್ಳವಿದೆ, ಅದು ಯಾವ ಹೊಳೆಗೆ ಸೇರುತ್ತದೆ ಎಂದು ನಾನು ಮತ್ತೂ ಕೇಳಿದೆ. ಅವನು ನಕ್ಕ. ಬೆಂಗಳೂರು ಗ್ರಾಮಾಂತರದ ದೇವನಹಳ್ಳಿಯಲ್ಲಿ 2015ರಿಂದ ಇಂಥ ಮಲತ್ಯಾಜ್ಯವನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕವಿದೆ. ಅಂಥ ವ್ಯವಸ್ಥೆ ಪ್ರತಿ ತಾಲ್ಲೂಕಿಗೂ ಬರಬೇಕೆಂದು ನಾವು ಮನವಿ ಬರೆದು ಸಹಿ ಹಾಕಿದ್ದೇವೆ.

ಅದುವರೆಗೆ ನಮ್ಮದನ್ನು ನಾವೇ ನೋಡಿಕೊಳ್ಳೋಣವೆಂದು 2024ರ ಬೇಸಿಗೆಯಲ್ಲಿ ಬಾವಿಯಿಂದ ದೂರ, ಇಳಿಜಾರಿನ ಕಡೆಗೆ, ಜೋಡಿ ಗುಂಡಿಗಳನ್ನು ತೋಡಿಸಿದೆವು. ನೀರು ಮೇಲೇರುವ ನೆಲವಾದ್ದರಿಂದ ಅವುಗಳ ಆಳ ಕಡಿಮೆ, ಬಾಯಿ ನೆಲಮಟ್ಟಕ್ಕಿಂತ ಎತ್ತರ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿಟ್ಟದ್ದು ವರ್ಷ ಎರಡು ವರ್ಷಗಳಲ್ಲಿ ವಾಸನೆಯಿಲ್ಲದ ಮಣ್ಣಾಗುತ್ತದೆ. 2017ರಲ್ಲಿ ಕೇಂದ್ರ ಸರ್ಕಾರದ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್ ಅವರು ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಅಂಥ ಗುಂಡಿಗೆ ಸ್ವತಃ ಇಳಿದು ಗೊಬ್ಬರ ತೆಗೆದು ತೋರಿಸಿದ್ದರು. ಸ್ನಾನದ ಮತ್ತು ಅಡುಗೆಮನೆಯ ನೀರು ಈಗ ಮತ್ತೆ ಬಾಳೆಯ ಬುಡಕ್ಕೆ ಹೋಗುತ್ತಿದೆ. ನಾನು ಒಂದು ಬಕೆಟ್ಟಿನಲ್ಲಿ ಸ್ನಾನ ಮುಗಿಸುತ್ತೇನೆ.

ಆ ಹಳೆಯ ಊರಿಗೂ ಒಮ್ಮೆ ಹೋಗಿ ಬಂದೆ. 1998ರಲ್ಲಿ ಗುಂಡಿಗಿಳಿದವರು ತೀರಿಕೊಂಡು ವರ್ಷಗಳಾಗಿದ್ದವು. ಹಿರಿಯರೊಬ್ಬರು ಅವರ ಹೆಸರು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳು ಬೇರೆ ಉದ್ಯೋಗ ಹಿಡಿದು ಬೇರೆ ಊರಿನಲ್ಲಿ ತಲೆಯೆತ್ತಿ ಬದುಕುತ್ತಿದ್ದಾರೆ, ತಂದೆಯ ಹೆಸರನ್ನು ಈ ಕೆಲಸದೊಂದಿಗೆ ಜೋಡಿಸಿ ಓದಲು ಅವರು ಬಯಸಲಾರರು. ನನ್ನ ಪ್ರಾರ್ಥನೆಯ ಪುಸ್ತಕದಲ್ಲಿ ಅದನ್ನು ಬರೆದಿಟ್ಟುಕೊಂಡಿದ್ದೇನೆ.

ಪ್ರಿಯ ಓದುಗರೇ, ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವ, ಚರಂಡಿ ಬಿಡಿಸುವ ರೂಢಿ ನಮ್ಮಲ್ಲಿದೆ. ಈ ಸಲ ಅದರೊಂದಿಗೆ ನಿಮ್ಮ ಮನೆಯ ಗುಂಡಿಯ ಮುಚ್ಚಳ ಎಲ್ಲಿದೆಯೆಂದು ಹುಡುಕಿ ನೋಡಿ. ಅಲ್ಲಿಂದ ಬಾವಿಗೆ ಎಷ್ಟು ಹೆಜ್ಜೆಯೆಂದು ಅಳೆಯಿರಿ. ಅದು ತುಂಬಿದ ದಿನ ಯಾರನ್ನು ಕರೆಯುತ್ತೀರಿ, ಅವರು ಹೇಗೆ ಕೆಲಸ ಮಾಡುತ್ತಾರೆ ಎಂಬುದನ್ನು ಈಗಲೇ ಯೋಚಿಸಿ. ನಮ್ಮ ಮೊದಲ ಗುಂಡಿಯಲ್ಲಿರುವುದು ಮಣ್ಣಾಗುವ ಹೊತ್ತಿಗೆ ನನಗೆ ವರ್ಗಾವಣೆ ಬಂದಿರಬಹುದು. ಆದರೂ ಒಂದು ಸಲಿಕೆಯನ್ನೂ ಒಂದು ಜೊತೆ ಕೈಗವಸನ್ನೂ ಕೊಂಡು ಬಾಗಿಲ ಹಿಂದೆ ಇಟ್ಟಿದ್ದೇನೆ. ಮುಚ್ಚಳ ತೆಗೆಯುವ ದಿನ ತಿಳಿಸಿದರೆ ಎಲ್ಲಿದ್ದರೂ ಬರುತ್ತೇನೆಂದು ಪರಿಷತ್ತಿನವರಿಗೆ ಹೇಳಿದ್ದೇನೆ.